ಮನೆಯ ನಾಯಿ, ಬೆಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಈಗ ಎರಡು ನಾಯಿ, ಮೂರು ಬೆಕ್ಕು. ಹದಿನಾರು ವರ್ಷದಿಂದ ಈ ಸಂಸಾರ ನಡೆದುಕೊಂಡು ಬಂದಿದೆ. ನಾನು ಡಾಕ್ಟರ್ ಅಲ್ಲ. ಆದರೂ ನಮ್ಮ ಬೀದಿಯಲ್ಲಿ ಯಾರ ನಾಯಿ ವಾಂತಿ ಮಾಡಿದರೂ ಮೊದಲ ಫೋನ್ ನನಗೆ ಬರುತ್ತದೆ, ಎರಡನೆಯದು ಡಾಕ್ಟರಿಗೆ ಹೋಗುತ್ತದೆ. ಈ ಕ್ರಮ ತಿರುಗಾಮುರುಗಾ ಆಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅಪಾಯ ಕೂಡ ಹೊರಗಿನಿಂದ ಬರುವುದು ಕಡಿಮೆ. ನೆಲ ಒರೆಸುವ ಬಕೆಟ್ಟು, ಉಳಿದ ಸಾರು, ಫ್ರಿಜ್ ಮೇಲಿನ ಮಾತ್ರೆ, ಇಂಥವುಗಳಿಂದಲೇ ಜಾಸ್ತಿ.

ನಾಳೆ ಮರಿ ತರುತ್ತಿದ್ದೇವೆ. ಮೊದಲು ಏನು ಮಾಡಬೇಕು?

ನೆಂಟರನ್ನು ಕರೆಯಬೇಡಿ. ಮೊದಲ ಎರಡು ಮೂರು ದಿನ ಮರಿಗೆ ಒಂದೇ ಕೋಣೆ ಸಾಕು. ಒಂದು ಹಳೆ ಸೀರೆ ಅಥವಾ ಪಂಚೆ, ನೀರಿನ ಬಟ್ಟಲು, ಕತ್ತಲೆಯ ಒಂದು ಮೂಲೆ ಇರಲಿ. ಬೆಕ್ಕಿನ ಮರಿ ಮಂಚದ ಕೆಳಗೆ ಸೇರಿಕೊಂಡರೆ ಎಳೆದು ಹೊರಗೆ ತರಬೇಡಿ, ಹಸಿವಾದಾಗ ತಾನೇ ಬರುತ್ತದೆ. ಮೊದಲು ಇದ್ದ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಒಂದು ವಾರ ಕೊಡಿ. ಊಟ ಬದಲಾಯಿಸುವುದಾದರೆ ದಿನಕ್ಕಿಷ್ಟು ಬೆರೆಸುತ್ತಾ ಹೋಗಿ, ಇಲ್ಲದಿದ್ದರೆ ಭೇದಿ ಶುರುವಾಗುತ್ತದೆ.

ನಾಯಿಮರಿಗೆ ಕನಿಷ್ಠ ಎರಡು ತಿಂಗಳು ತುಂಬಿರಬೇಕು. ಮೂವತ್ತು ದಿನದ ಮರಿಯನ್ನು ತಾಯಿಯಿಂದ ಬಿಡಿಸಿ ಮಾರುವವರಿದ್ದಾರೆ. ಅಂಥ ಮರಿ ಹುಷಾರು ತಪ್ಪುವುದೂ ಹೆಚ್ಚು, ದೊಡ್ಡದಾದ ಮೇಲೆ ಕಚ್ಚುವ ಹದ ಕಲಿಯದೆ ಇರುವುದೂ ಹೆಚ್ಚು.

ಯಾವ ಲಸಿಕೆ, ಯಾವಾಗ?

ನಾಯಿಮರಿಗೆ ಆರರಿಂದ ಎಂಟು ವಾರ ಆದಾಗ ಮೊದಲ ಚುಚ್ಚುಮದ್ದು. ಡಿಸ್ಟೆಂಪರ್, ಪಾರ್ವೊ ಮುಂತಾದ ಕಾಯಿಲೆಗಳಿಗೆ ಸೇರಿಸಿ ಒಂದೇ ಲಸಿಕೆ ಇರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡುತ್ತಾ ಹದಿನಾರು ವಾರದವರೆಗೆ ಹೋಗುತ್ತಾರೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದ ದಿನಕ್ಕೆ ಬೂಸ್ಟರ್, ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಬೆಕ್ಕಿಗೆ ಬೇರೆ ಲಸಿಕೆ ಇದೆ, ಜೊತೆಗೆ ರೇಬೀಸಿನದೂ ಬೇಕು.

ಒಂದು ಚುಚ್ಚುಮದ್ದು ಆಯಿತು, ಇನ್ನು ಪಾರ್ಕಿಗೆ ಕರೆದುಕೊಂಡು ಹೋಗಬಹುದು ಅಂದುಕೊಳ್ಳುವುದೇ ದೊಡ್ಡ ತಪ್ಪು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಮರಿ ಒಂದೇ ಸಮ ವಾಂತಿ ಮಾಡಿ, ರಕ್ತ ಬೆರೆತ ನಾತದ ಭೇದಿ ಆದರೆ ಮಜ್ಜಿಗೆ, ಓಆರ್‌ಎಸ್ ಅಂತ ಕಾಯುತ್ತಾ ಕೂರಬೇಡಿ. ಅದೇ ಗಂಟೆಯಲ್ಲಿ ಹೊರಡಿ. ಪಾರ್ವೊದಿಂದ ಮರಿ ಸತ್ತ ಮನೆಗೆ ಹೊಸ ಮರಿ ತರುವ ಮುಂಚೆ ಬ್ಲೀಚಿಂಗ್ ಹಾಕಿ ತೊಳೆಯಬೇಕು, ಬರೀ ಸೋಪು ನೀರಿಗೆ ಅದು ಜಗ್ಗುವುದಿಲ್ಲ.

ಜಂತುಹುಳದ ಔಷಧ ಮರಿಗಳಿಗೆ ಎರಡು ವಾರಕ್ಕೊಮ್ಮೆ ಶುರುವಾಗಿ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ತೂಕ ನೋಡಿಯೇ ಕೊಡಬೇಕು.

ನಮ್ಮ ಬೆಕ್ಕು ಮನೆ ಬಿಟ್ಟು ಹೊರಗೇ ಹೋಗಲ್ಲ. ಅದಕ್ಕೂ ರೇಬೀಸ್ ಲಸಿಕೆ ಬೇಕಾ?

ಬೇಕು. ಬಾಗಿಲು ಒಂದು ದಿನ ತೆರೆದಿರುತ್ತದೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ಪ್ರಾಣಿಯಾಗಲಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ನಾಯಿ ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ, ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಹದಿನೈದು ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಉದ್ದ. ಅರಿಶಿನ, ಸುಣ್ಣ, ಖಾರದ ಪುಡಿ ಯಾವುದೂ ಬೇಡ. ಆಮೇಲೆ ಆಸ್ಪತ್ರೆ. "ನಮ್ಮದೇ ನಾಯಿ, ಇಂಜೆಕ್ಷನ್ ಆಗಿದೆ" ಅಂತ ಮನೆಯಲ್ಲೇ ತೀರ್ಮಾನ ಮಾಡುವುದು ಬೇಡ. ಲಸಿಕೆ ಪುಸ್ತಕ ತೋರಿಸಿ, ತೀರ್ಮಾನ ಡಾಕ್ಟರಿಗೆ ಬಿಡಿ. ಡೋಸ್ ಶುರು ಮಾಡಿದರೆ ಕೊನೆಯದರವರೆಗೂ ಮುಗಿಸಿ.

ನಾವು ಸಸ್ಯಾಹಾರಿಗಳು. ಅನ್ನ ಮೊಸರು ಸಾಕಾಗುತ್ತಾ?

ನಾಯಿಗೆ ಬರೀ ಅನ್ನ ಮೊಸರು ಸಾಲದು. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಸಿಗುವುದಿಲ್ಲ. ಹಳ್ಳಿ ಕಡೆ ನಾಯಿಗಳು ಮುದ್ದೆ ತಿಂದೇ ಬೆಳೆದವು ನಿಜ, ಆದರೆ ಅವು ಇಲಿ, ಹೆಗ್ಗಣ, ಹಿತ್ತಲಲ್ಲಿ ಬಿದ್ದಿದ್ದು ಎಲ್ಲ ತಿನ್ನುತ್ತಿದ್ದವು. ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಷ್ಟೆ. ರಾಗಿ ಒಳ್ಳೆಯದೇ, ಚೆನ್ನಾಗಿ ಬೆಂದಿರಬೇಕು. ಮೊಟ್ಟೆ ಕೊಡಲು ಮನಸ್ಸು ಒಪ್ಪುವುದಾದರೆ ಬೇಯಿಸಿ ಕೊಡಿ. ಒಪ್ಪದಿದ್ದರೆ ಒಳ್ಳೆಯ ಡಾಗ್ ಫುಡ್ ತಂದು ಅದನ್ನೇ ಮುಖ್ಯ ಊಟ ಮಾಡಿ, ಚಮಚ ಮೊಸರು ಮೇಲಿಂದ ಇರಲಿ.

ಬೆಕ್ಕಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಅದು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಅಂಶ ಅದರ ಕಣ್ಣಿಗೂ ಹೃದಯಕ್ಕೂ ಬೇಕೇ ಬೇಕು. ಅದು ಸಿಗುವುದು ಮಾಂಸ, ಮೀನಿನಲ್ಲಿ, ಅಥವಾ ಅದನ್ನು ಸೇರಿಸಿ ಮಾಡಿದ ಕ್ಯಾಟ್ ಫುಡ್‌ನಲ್ಲಿ. ಹಾಲನ್ನ ಹಾಕಿ ಬೆಕ್ಕು ಸಾಕುವ ಮನೆಗಳು ಬೇಕಾದಷ್ಟಿವೆ. ಆ ಬೆಕ್ಕುಗಳೂ ಪಕ್ಕದ ಮನೆಯಲ್ಲಿ ಮೀನು ತಿಂದುಕೊಂಡು ಬರುತ್ತವೆ. ಅಪಾರ್ಟ್‌ಮೆಂಟ್ ಬೆಕ್ಕಿಗೆ ಪಕ್ಕದ ಮನೆ ಇಲ್ಲ. ಅಂದಹಾಗೆ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದೇ ಇಲ್ಲ.

ಏನನ್ನು ಕೊಡಲೇಬಾರದು?

ಈರುಳ್ಳಿ, ಬೆಳ್ಳುಳ್ಳಿ ಮೊದಲು. ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಪರಿಣಾಮ ಅವತ್ತೇ ಕಾಣುವುದಿಲ್ಲ, ಕೆಲವು ದಿನ ಕಳೆದು ಒಸಡು ಬಿಳಿಚಿಕೊಂಡು ನಾಯಿ ಸುಸ್ತಾಗಿ ಮಲಗುತ್ತದೆ. ಉಳಿದ ಹುಳಿ, ಪಲ್ಯ, ಬಿರಿಯಾನಿ ಕಲಸಿ ಹಾಕುವುದು ಬೇಡ ಅನ್ನುವುದು ಇದಕ್ಕೇ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಕೆಟ್ಟದ್ದು. ಕೇಸರಿಬಾತು, ಪಾಯಸದಲ್ಲಿ ಅದು ಇರುತ್ತದೆ ಅಲ್ವಾ? ಚಾಕೊಲೇಟ್, ಕಾಫಿಪುಡಿ, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್, ಇವೂ ವಿಷ. ಬೇಯಿಸಿದ ಕೋಳಿ ಮೂಳೆ ಸೀಳಿ ಸೂಜಿಯಾಗುತ್ತದೆ.

ಇನ್ನೊಂದು ಅಪಾಯ ಯಾವ ಪಟ್ಟಿಯಲ್ಲೂ ಬರುವುದಿಲ್ಲ: ಹೂವಿನ ದಾರ. ಮುಡಿದು ಬಾಡಿದ ಮಲ್ಲಿಗೆ ಹೂವನ್ನು ಡ್ರೆಸಿಂಗ್ ಟೇಬಲ್ ಮೇಲೆ ಇಟ್ಟಿರುತ್ತೇವೆ. ಬೆಕ್ಕು ಆಡುತ್ತಾ ಆಡುತ್ತಾ ದಾರ ನುಂಗುತ್ತದೆ. ಬೆಕ್ಕಿನ ನಾಲಗೆಯ ಮುಳ್ಳು ಒಳಮುಖ ಇರುವುದರಿಂದ ಒಮ್ಮೆ ಸಿಕ್ಕಿದ ದಾರ ಉಗುಳಲು ಆಗದೆ ಒಳಗೇ ಹೋಗುತ್ತದೆ. ಕರುಳಿನೊಳಗೆ ದಾರ ಬಿಗಿದುಕೊಂಡರೆ ಆಪರೇಷನ್ನೇ ಗತಿ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ, ಕರುಳು ಕುಯ್ಯುತ್ತದೆ. ಹಾಗೇ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಸೂಜಿ ಪೋಣಿಸಿದ ದಾರಕ್ಕೂ ಇದೇ ಮಾತು.

ನಾಯಿ ಮೈ ಬಿಸಿ ಇದೆ. ನಮ್ಮ ಜ್ವರದ ಮಾತ್ರೆ ಅರ್ಧ ಕೊಡಬಹುದಾ?

ಬೇಡ. ಬೆಕ್ಕಿಗಂತೂ ಪ್ಯಾರಸಿಟಮಾಲ್ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ನಾಯಿಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಹೊಟ್ಟೆ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ.

ಅವುಗಳ ಮೈ ನಮ್ಮದಕ್ಕಿಂತ ಬಿಸಿಯೇ. ನಾಯಿಯ ಮಾಮೂಲಿ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೈಯಿಟ್ಟು ನೋಡಿದರೆ ಯಾವಾಗಲೂ ಜ್ವರ ಇದ್ದ ಹಾಗೇ ಅನಿಸುತ್ತದೆ. ಮೂಗು ಒಣಗಿದೆ ಅನ್ನುವುದೂ ಲೆಕ್ಕವಲ್ಲ, ಈಗಷ್ಟೇ ನಿದ್ದೆಯಿಂದ ಎದ್ದಿರಬಹುದು.

ಫಿನಾಯಿಲ್ ಹಾಕಿ ನೆಲ ಒರೆಸಿದರೆ ತೊಂದರೆ ಇದೆಯಾ?

ಬೆಕ್ಕಿರುವ ಮನೆಯಲ್ಲಿ ಇದೆ. ನಾನು ಇದನ್ನು ಕಲಿತದ್ದು ತಡವಾಗಿ. ನಮ್ಮ ಸುಬ್ಬಿ ಒರೆಸಿದ ನೆಲದ ಮೇಲೆ ನಡೆದು, ಕಿಟಕಿಯಲ್ಲಿ ಕೂತು, ಒಂದೊಂದೇ ಪಾದ ಎತ್ತಿ ಬೆರಳ ಸಂದು ಬಿಡಿಸಿ ಬಿಡಿಸಿ ನೆಕ್ಕುತ್ತಿದ್ದಳು. ಎಷ್ಟು ಶುಚಿ ನೋಡು ಅಂತ ನಾವು ಮೆಚ್ಚಿಕೊಳ್ಳುತ್ತಿದ್ದೆವು. ಅವಳು ನೆಕ್ಕುತ್ತಿದ್ದದ್ದು ಫಿನಾಯಿಲ್. ವಾರಕ್ಕೆರಡು ಸಲ ಜೊಲ್ಲು ಸುರಿಸಿ ವಾಂತಿ ಮಾಡುತ್ತಿದ್ದಳು. ನಾವು ಅದನ್ನು ಕೂದಲುಂಡೆ ಅಂದುಕೊಂಡಿದ್ದೆವು.

ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ತೀರ ಕಡಿಮೆ. ನಾವು ಈಗ ಸೋಪಿನ ನೀರಲ್ಲಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸುತ್ತೇವೆ. ಮನೆಕೆಲಸಕ್ಕೆ ಬರುವ ಲಕ್ಷ್ಮಕ್ಕನಿಗೆ ವಾಸನೆ ಇಲ್ಲದಿದ್ದರೆ ಒರೆಸಿದ ಹಾಗೇ ಅಲ್ಲ. ಅವರನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಫಿನಾಯಿಲ್ ಬಿಡಲಾಗದಿದ್ದರೆ ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ, ಬಕೆಟ್ಟಿನ ನೀರು ತಕ್ಷಣ ಚೆಲ್ಲಿ.

ಬಟ್ಟೆ ಬೀರುವಿನ ನುಸಿ ಗುಳಿಗೆ, ಇಲಿ ಪಾಷಾಣ, ಲಿಲ್ಲಿ ಹೂವು (ಬೆಕ್ಕಿಗೆ ಇದರ ಪರಾಗವೂ ವಿಷ), ಕಣಗಿಲೆ ಗಿಡ, ಇವನ್ನೂ ದೂರವಿಡಿ. ಇಲಿ ಪಾಷಾಣ ತಿಂದದ್ದು ಖಚಿತವಾದರೆ ಪ್ಯಾಕೆಟ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಒಂದೊಂದರಲ್ಲಿ ಒಂದೊಂದು ವಿಷ, ಚಿಕಿತ್ಸೆಯೂ ಬೇರೆ ಬೇರೆ.

ನಾಯಿ ಮೈಯ ಉಣ್ಣೆ ಹುಳು ಎಷ್ಟು ತೆಗೆದರೂ ಮುಗಿಯಲ್ಲ. ಏನು ಮಾಡುವುದು?

ಮುಗಿಯುವುದಿಲ್ಲ, ಯಾಕೆಂದರೆ ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಗೋಡೆ ಬಿರುಕಿನಲ್ಲಿ, ಬಾಗಿಲ ಸಂದಿನಲ್ಲಿ, ಗೋಣಿಚೀಲದ ಕೆಳಗೆ ಇರುವುದೇ ಜಾಸ್ತಿ. ಒಂದು ಹೆಣ್ಣು ಉಣ್ಣೆ ರಕ್ತ ಕುಡಿದು ಉಬ್ಬಿ ಕೆಳಗೆ ಬಿದ್ದರೆ ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ನಾಯಿಗೆ ಡಾಕ್ಟರ್ ಬರೆದ ಮಾತ್ರೆ ಅಥವಾ ಕತ್ತಿನ ಹಿಂದೆ ಹಾಕುವ ಹನಿ, ಮನೆಗೆ ಸಂದುಗೊಂದು ಸ್ವಚ್ಛ ಮಾಡುವುದು, ಎರಡೂ ಒಟ್ಟಿಗೆ ಆಗಬೇಕು.

ಮೈಮೇಲೆ ಕಚ್ಚಿಕೊಂಡದ್ದನ್ನು ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆದು ತೆಗೆಯಿರಿ. ಉಗುರಲ್ಲಿ ಕುಕ್ಕಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಹಚ್ಚುವುದು ಹಳೆ ಕ್ರಮ, ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ. ನಾಯಿಗೆ ತಂದ ಹನಿ ಮದ್ದನ್ನು ಬೆಕ್ಕಿಗೆ ಹಾಕಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ಫಿಟ್ಸ್ ಬಂದು ಸಾಯಬಹುದು.

ಉಣ್ಣೆಯಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಡುತ್ತದೆ, ಒಸಡು ಬಿಳಿಚುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಬೇಗ ಹಿಡಿದರೆ ವಾಸಿಯಾಗುತ್ತದೆ. ಎರಡು ದಿನಕ್ಕೆ ಚೇತರಿಸಿಕೊಂಡಿತು ಅಂತ ಮಾತ್ರೆ ನಿಲ್ಲಿಸುವವರೇ ಹೆಚ್ಚು. ಬರೆದಷ್ಟು ದಿನವೂ ಕೊಡಿ.

ಮಲೆನಾಡಿನವರಿಗೆ ಒಂದು ಮಾತು. ಅಲ್ಲಿ ಇದನ್ನು ಉಣುಗು ಅನ್ನುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದಲೇ. ಕಾಡಿಗೆ ಹೋಗಿ ಬಂದ ನಾಯಿಯನ್ನು ಜಗಲಿಯಲ್ಲೇ ನೋಡಿ, ಆಮೇಲೆ ಒಳಗೆ ಬಿಡಿ.

ದೀಪಾವಳಿ ಪಟಾಕಿಗೆ ನಾಯಿ ನಡುಗುತ್ತದೆ. ಏನಾದರೂ ದಾರಿ ಇದೆಯಾ?

ಇದೆ, ಆದರೆ ಹಬ್ಬದ ದಿನ ಶುರು ಮಾಡಿದರೆ ತಡವಾಯಿತು.

ನಾವು ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿಕೊಂಡರೆ ನಾಯಿ 45,000ದವರೆಗೂ, ಬೆಕ್ಕು ಅದಕ್ಕಿಂತ ಮೇಲೂ ಕೇಳಿಸಿಕೊಳ್ಳುತ್ತದೆ. ಹಸಿರು ಪಟಾಕಿ ಅಂದರೆ ಹೊಗೆ ಕಡಿಮೆ, ಸದ್ದು ಇದ್ದೇ ಇರುತ್ತದೆ. ದೀಪಾವಳಿಗೆ ರಾತ್ರಿ 8ರಿಂದ 10 ಮಾತ್ರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತು. ನಮ್ಮ ಬೀದಿಯ ಹುಡುಗರಿಗೆ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ. ನರಕ ಚತುರ್ದಶಿಯ ಬೆಳಗಿನ ಜಾವ, ಎಣ್ಣೆಸ್ನಾನ ಆದ ಕೂಡಲೇ ಮೊದಲ ಸರ ಹಚ್ಚುತ್ತಾರೆ. ಆ ಹೊತ್ತಿಗೆ ನಾಯಿಯನ್ನು ಹೊರಗೆ ಕರೆದೊಯ್ಯಬೇಡಿ.

ಒಂದು ವರ್ಷ ನಮ್ಮ ಕರಿಯ ಓಡಿಹೋಗಿದ್ದ. ನೆಂಟರನ್ನು ಬೀಳ್ಕೊಡುತ್ತಾ ಗೇಟು ತೆರೆದಿಟ್ಟು ಮಾತಾಡುತ್ತಿದ್ದೆವು. ಯಾರೋ ಲಕ್ಷ್ಮಿ ಪಟಾಕಿ ಹಚ್ಚಿದರು. ಎಂಟು ವರ್ಷದ, ಕೀಲುನೋವಿನ ನಾಯಿ ಕಣ್ಣೆದುರೇ ಬಾಣದ ಹಾಗೆ ಹೋದ. ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಎರಡು ಕಿಲೋಮೀಟರ್ ದೂರದಲ್ಲಿ, ನಿಂತ ಲಾರಿಯ ಕೆಳಗೆ. ಪಾದದ ಚರ್ಮ ಕಿತ್ತು ಹೋಗಿತ್ತು. ಕತ್ತುಪಟ್ಟಿಯಲ್ಲಿ ಫೋನ್ ನಂಬರ್ ಇದ್ದದ್ದರಿಂದ ಲಾರಿ ಕ್ಲೀನರ್ ಫೋನ್ ಮಾಡಿದ. ನಮ್ಮ ಎಲ್ಲ ಪ್ರಾಣಿಗಳಿಗೂ ಅವತ್ತಿನಿಂದ ನಂಬರ್ ಬಿಲ್ಲೆ ಇದೆ, ನಾಯಿಗಳಿಗೆ ಮೈಕ್ರೋಚಿಪ್ಪೂ ಹಾಕಿಸಿದ್ದೇವೆ.

ಈಗ ನಾವು ಮಾಡುವುದು ಇಷ್ಟು. ನೀರು ತುಂಬುವ ಹಬ್ಬದ ದಿನದಿಂದಲೇ ನಡುಮನೆಯ ಕಿಟಕಿ ಕಡಿಮೆ ಇರುವ ಕೋಣೆ ಸಿದ್ಧ. ದಪ್ಪ ಪರದೆ, ಫ್ಯಾನು ಜೋರು, ಟಿವಿಯಲ್ಲಿ ಏನೋ ಒಂದು. ಸಂಜೆ ಐದಕ್ಕೇ ಚೆನ್ನಾಗಿ ಸುತ್ತಾಡಿಸಿ, ಬೇಗ ಊಟ. ಅವನು ಮಂಚದ ಕೆಳಗೆ ಹೋದರೆ ಹೋಗಲಿ, ಅದು ಅವನು ಆರಿಸಿಕೊಂಡ ಜಾಗ. ಹತ್ತಿರ ಬಂದರೆ ಅಪ್ಪಿಕೊಳ್ಳಿ. ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತದೆ ಅನ್ನುವುದು ಸುಮ್ನೆ ಮಾತು. ತೀರಾ ಹೆದರುವ ನಾಯಿಗೆ ಔಷಧವಿದೆ, ಎರಡು ವಾರ ಮೊದಲೇ ಡಾಕ್ಟರನ್ನು ಕಾಣಿ. ಮನೆಯಲ್ಲಿರುವ ನಿದ್ದೆ ಮಾತ್ರೆ ಕೊಡಬೇಡಿ. ಮೈ ಮಲಗಿಸಿ ಭಯವನ್ನು ಹಾಗೇ ಉಳಿಸುವ ಔಷಧಗಳೂ ಇವೆ.

ಆಫೀಸಿಗೆ ಹೊರಟರೆ ನಾಯಿ ಊಳಿಡುತ್ತದೆ, ಸೋಫಾ ಹರಿಯುತ್ತದೆ.

ಸೇಡು ಅಲ್ಲ, ಗಾಬರಿ. ಸಂಜೆ ಬಂದು ಬೈದರೆ ಯಾಕೆ ಬೈದರು ಅಂತಲೂ ಅದಕ್ಕೆ ತಿಳಿಯುವುದಿಲ್ಲ. ಹೊರಡುವಾಗ ದೊಡ್ಡ ಬೀಳ್ಕೊಡುಗೆ ಬೇಡ. ರಜಾ ದಿನ ಬೀಗದ ಕೈ ಎತ್ತಿಕೊಳ್ಳಿ, ಚಪ್ಪಲಿ ಹಾಕಿ, ಮತ್ತೆ ಕುರ್ಚಿಯಲ್ಲಿ ಕೂರಿ. ಹತ್ತು ಸಲ ಹೀಗೆ ಮಾಡಿದರೆ ಬೀಗದ ಕೈ ಸದ್ದಿಗೆ ಇರುವ ಭಯ ಇಳಿಯುತ್ತದೆ. ಆಮೇಲೆ ಎರಡು ನಿಮಿಷ ಹೊರಗೆ, ಐದು ನಿಮಿಷ, ಅರ್ಧ ಗಂಟೆ. ಬೆಳಗಿನ ಊಟವನ್ನು ಬಟ್ಟಲಿಗೆ ಹಾಕದೆ ಹಳೆ ಟವೆಲಿನಲ್ಲಿ ಸುತ್ತಿಡಿ. ಮೂಸಿ ಹುಡುಕುವುದು ನಾಯಿಗೆ ಓಡುವುದಕ್ಕಿಂತ ದೊಡ್ಡ ಕೆಲಸ.

ಗಂಡು ಬೆಕ್ಕು ಸಿಕ್ಕಸಿಕ್ಕಲ್ಲಿ ಮೂತ್ರ ಮಾಡುತ್ತಿದೆ. ಹೊಡೆಯಬೇಕಾ?

ಮೊದಲು ಮೂತ್ರ ಬರುತ್ತಿದೆಯಾ ನೋಡಿ. ಬೆಕ್ಕು ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಹನಿ ಬರುವುದಿಲ್ಲ ಅಂದರೆ ಅದು ತುರ್ತು. ನಮ್ಮ ಕಿಟ್ಟಿಗೆ ಹೀಗಾದಾಗ ಮಲಬದ್ಧತೆ ಅಂದುಕೊಂಡು ಅಮ್ಮ ತುಪ್ಪ ನೆಕ್ಕಿಸಿದರು. ಒಂದು ರಾತ್ರಿ ಕಳೆದೆವು. ಬೆಳಿಗ್ಗೆ ಹೊಟ್ಟೆ ಕಲ್ಲಿನ ಹಾಗಿತ್ತು. ಮೂತ್ರನಾಳದಲ್ಲಿ ಮರಳಿನಂಥ ಹರಳು ಕಟ್ಟಿಕೊಂಡಿತ್ತು. ಕೊಳವೆ ಹಾಕಿ ಮೂರು ದಿನ ಇಟ್ಟುಕೊಂಡರು, ಬದುಕಿದ. ಇನ್ನೊಂದು ದಿನ ತಡವಾಗಿದ್ದರೆ ಇಲ್ಲ ಅಂದರು. ನೀರು ಕುಡಿಯುವುದು ಕಡಿಮೆ ಇರುವ, ಬರೀ ಒಣ ಕ್ಯಾಟ್ ಫುಡ್ ತಿನ್ನುವ ಗಂಡು ಬೆಕ್ಕಿಗೆ ಇದು ಬರುವುದು ಜಾಸ್ತಿ. ನೀರಿನಂಶವಿರುವ ಮೆತ್ತನೆ ಊಟವೂ ಇರಲಿ, ಎರಡು ಮೂರು ಕಡೆ ನೀರಿಡಿ.

ಆರೋಗ್ಯ ಸರಿಯಿದ್ದರೆ ಬೆಕ್ಕು ಮಲಮೂತ್ರ ಮಾಡಲು ಮಣ್ಣು ತುಂಬಿಟ್ಟ ಟ್ರೇ ನೋಡಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಟ್ರೇ ಹೆಚ್ಚಿರಬೇಕು, ವಾಷಿಂಗ್ ಮೆಷಿನ್ ಪಕ್ಕ ಇರಬಾರದು, ದಿನವೂ ಸ್ವಚ್ಛವಾಗಬೇಕು. ಹೊಡೆತದಿಂದ ಬೆಕ್ಕು ಕಲಿಯುವುದು ಒಂದೇ, ನಿಮ್ಮಿಂದ ದೂರ ಇರುವುದು.

ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಏನೂ ಆಗಲ್ಲ ಅಂತಾರಲ್ಲ?

ಆಗುತ್ತದೆ. ಕಾಲಿನ ಮೇಲೆ ಬೀಳುವುದು ನಿಜ, ಬಿದ್ದ ಕಾಲು, ದವಡೆ ಮುರಿಯುವುದೂ ನಿಜ. ಪಾರಿವಾಳ ಹಿಡಿಯಲು ಹಾರಿ ಬೀಳುತ್ತವೆ. ಪಾರಿವಾಳಕ್ಕೆ ಹಾಕಿಸುವ ಬಲೆಯನ್ನೇ ಬಾಲ್ಕನಿಗೆ ಬಿಗಿಯಾಗಿ ಕಟ್ಟಿಸಿ, ಎರಡೂ ಕಡೆಗೆ ಒಳ್ಳೆಯದು. ವಾಷಿಂಗ್ ಮೆಷಿನ್ ಹಾಕುವ ಮುಂಚೆ ಡ್ರಮ್ಮಿನೊಳಗೆ ಕೈಯಾಡಿಸಿ. ಮಳೆಗಾಲದಲ್ಲಿ ಕಾರು ಶುರು ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಏಟು ಕೊಡಿ, ಬೀದಿ ಬೆಕ್ಕಿನ ಮರಿ ಬೆಚ್ಚಗೆ ಮಲಗಿರುತ್ತದೆ.

ಬೇಸಿಗೆಯಲ್ಲಿ?

ನಾಯಿ ಬೆವರುವುದು ಪಾದದಲ್ಲಿ ಅಷ್ಟೇ, ಉಳಿದದ್ದೆಲ್ಲ ಏದುಸಿರಿನಿಂದ. ಅಂಗೈ ಹಿಂಭಾಗವನ್ನು ಟಾರು ರಸ್ತೆಯ ಮೇಲೆ ಐದು ಸೆಕೆಂಡ್ ಇಟ್ಟುಕೊಳ್ಳಲು ಆಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬೇಡಿ. ನಿಂತ ಕಾರಿನಲ್ಲಿ ಐದು ನಿಮಿಷಕ್ಕೂ ಬಿಡಬೇಡಿ. ಪಗ್‌ನಂಥ ಚಪ್ಪಟೆ ಮೂತಿಯವಕ್ಕೆ ಉಸಿರೇ ಕಷ್ಟ. ಕಲಬುರಗಿಯ ಮೇ ತಿಂಗಳಲ್ಲಿ ಹಸ್ಕಿ ಸಾಕುವವರಿಗೆ ನಾನು ಏನು ಹೇಳಲಿ? ಬಿಸಿಲು ಹೊಡೆದು ಕುಸಿದರೆ ನೆರಳಿಗೆ ತನ್ನಿ, ಮೈಗೆ ತಣ್ಣೀರು ಹಾಕಿ, ಫ್ಯಾನ್ ಹಾಕಿ, ಹಾಗೇ ಆಸ್ಪತ್ರೆಗೆ ಹೊರಡಿ.

ಸೊಸೆ ಬಸುರಿ. ಬೆಕ್ಕನ್ನು ಬಿಟ್ಟುಬಿಡಬೇಕಾ?

ಬಿಡಬೇಕಾಗಿಲ್ಲ. ಭಯ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದು. ಅದು ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು. ಟ್ರೇಯನ್ನು ದಿನವೂ ಬೇರೆ ಯಾರಾದರೂ ಸ್ವಚ್ಛ ಮಾಡಲಿ, ಮಗನೇ ಮಾಡಲಿ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣಿನಿಂದಲೂ ಅದು ಬರುತ್ತದೆ. ಆ ಕಡೆ ಯಾರೂ ನೋಡುವುದಿಲ್ಲ.

ಮರಿ ಆಗದ ಹಾಗೆ ಆಪರೇಷನ್ ಮಾಡಿಸುವುದು ಪಾಪ ಅಲ್ವಾ?

ಪ್ರತಿ ಸೂಲಿಗೂ ಐದಾರು ಮರಿಯನ್ನು ಚೀಲದಲ್ಲಿ ಕಟ್ಟಿ ಮಾರ್ಕೆಟ್ ಹತ್ತಿರ ಬಿಟ್ಟು ಬರುವುದು ಏನು? ಹೆಣ್ಣುನಾಯಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುತ್ತದೆ, ಆಪರೇಷನ್ ಆದವಕ್ಕೆ ಆ ಭಯ ಇಲ್ಲ. ಯಾವ ವಯಸ್ಸಿಗೆ ಅನ್ನುವುದು ತಳಿ ನೋಡಿ ಡಾಕ್ಟರ್ ಹೇಳುತ್ತಾರೆ.

ತೋಟದ ಮನೆ ನಮ್ಮದು. ಬೇರೆ ಏನು ಎಚ್ಚರ?

ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿ ಹಾಕಬೇಡಿ. ಚಿರತೆಗೆ ಕಟ್ಟಿದ ನಾಯಿ ಅಂದರೆ ಬಡಿಸಿಟ್ಟ ಎಲೆ. ಬಾಗಿಲಿರುವ ಕೊಟ್ಟಿಗೆಯೋ ಮನೆಯೊಳಗೋ ಇರಲಿ. ಮಳೆಗಾಲದಲ್ಲಿ ಮೂಗಿನಿಂದ ಬಿಟ್ಟೂ ಬಿಡದೆ ರಕ್ತ ಬಂದರೆ ಹಳ್ಳದ ನೀರು ಕುಡಿಯುವಾಗ ಇಂಬಳ (ಜಿಗಣೆ) ಹೊಕ್ಕಿರಬಹುದು. ನಾಯಿ ಕಪ್ಪೆಯನ್ನು ಕಚ್ಚಿ ನೊರೆ ಸುರಿಸಿದರೆ ತಲೆ ಕೆಳಮುಖ ಮಾಡಿ ಬಾಯಿ ತೊಳೆಯಿರಿ. ಹಾವು ಕಚ್ಚಿದರೆ ಕಟ್ಟುವುದು, ಕುಯ್ಯುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ.

ಅಪಾರ್ಟ್‌ಮೆಂಟಿನವರು ಲಿಫ್ಟಿಗೆ ಬಿಡುತ್ತಿಲ್ಲ.

ಸಾಕುಪ್ರಾಣಿಯನ್ನೇ ನಿಷೇಧಿಸಲು, ಲಿಫ್ಟ್ ಬೇಡ ಅನ್ನಲು ಸಂಘಕ್ಕೆ ಅಧಿಕಾರ ಇಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಅದನ್ನು ತೋರಿಸಿ. ಜೊತೆಗೆ ಹಗ್ಗ ಗಿಡ್ಡ ಹಿಡಿಯಿರಿ, ಕಕ್ಕ ಎತ್ತಿ, ಹೆದರುವ ಮಗು ಲಿಫ್ಟಿನಲ್ಲಿದ್ದರೆ ಮುಂದಿನದಕ್ಕೆ ಕಾಯಿರಿ. ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ?

ಹಗಲೇ ಹುಡುಕಿಟ್ಟುಕೊಳ್ಳಿ, ನಿಮ್ಮೂರಲ್ಲಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರದವರು ಅಲ್ಲಿಯ ಆಸ್ಪತ್ರೆಯ ಸಮಯ ಕೇಳಿಟ್ಟುಕೊಳ್ಳಿ. 1962ಕ್ಕೆ ಫೋನ್ ಮಾಡಿದರೆ ಬರುವ ಸರ್ಕಾರಿ ಗಾಡಿ ಮುಖ್ಯವಾಗಿ ದನಕರುಗಳಿಗಾಗಿ ಇರುವುದು.

ಉಸಿರಾಟಕ್ಕೆ ಒದ್ದಾಟ, ಬಿಳಿ ಅಥವಾ ನೀಲಿ ಒಸಡು, ಫಿಟ್ಸ್, ಹೊಟ್ಟೆ ಉಬ್ಬಿ ವಾಂತಿ ಬಾರದೆ ಓಕರಿಕೆ, ಮೂತ್ರ ಕಟ್ಟಿದ್ದು, ವಿಷ, ಇವಕ್ಕೆ ಬೆಳಗಾಗಲಿ ಅನ್ನಬೇಡಿ. ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ತೋರಿಸಿ. ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ.

ನೋವಿನಲ್ಲಿರುವ ನಿಮ್ಮ ನಾಯಿಯೇ ನಿಮ್ಮನ್ನು ಕಚ್ಚಬಹುದು, ಟವೆಲಿನಲ್ಲಿ ಸುತ್ತಿ ಎತ್ತಿ. ನಮ್ಮ ಬಾಗಿಲ ಹಿಂದೆ ಒಂದು ಚೀಲ ನೇತುಹಾಕಿದ್ದೇವೆ: ಲಸಿಕೆ ಪುಸ್ತಕ, ಹಳೆ ಟವೆಲ್, ಬ್ಯಾಂಡೇಜ್, ಟಾರ್ಚು, ಐನೂರರ ಕೆಲವು ನೋಟು. ಚೀಲದ ಮೇಲೆ ಐದೂ ಪ್ರಾಣಿಗಳ ತೂಕ ಬರೆದ ಚೀಟಿ ಇದೆ. ಫೋನಿನಲ್ಲಿ ಡಾಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ.